ಓಗೊಟ್ಟ ಕಪಾಟು

"ಒಳಗೆ ಯಾರಾದ್ರೂ ಇದ್ದೀರಾ?"

"ಇದ್ದೀನಿ... ತಾಳಿ!"

ಕಪಾಟು ಸರಿಸುವ ಚಕ್ರದ ಮೇಲಿದ್ದ ಅವಳ ಕೈ ಅಲ್ಲೇ ಕಲ್ಲಾಯಿತು.

ಆ ದನಿ!

ಹಿಂದೆ ನಿಂತಿದ್ದ ಹೊಸ ವಿದ್ಯಾರ್ಥಿಗಳಿಗೆ ಏನೂ ಅನ್ನಿಸಲಿಲ್ಲ. ಯಾರೋ ಇದ್ದಾರೆ, ಬರುತ್ತಾರೆ, ಅಷ್ಟೆ. ಆದರೆ ಅವಳಿಗೆ ಆ ದನಿಯ ಗುರುತಿತ್ತು. ಕಪಾಟುಗಳ ನಡುವಿನ ಸಂದಿಗೆ ಇಣುಕಿದಳು.

ಈ ಕಡೆ ಪುಸ್ತಕ, ಆ ಕಡೆ ಪುಸ್ತಕ, ಕೊನೆಯಲ್ಲಿ ಗೋಡೆ. ನರಪಿಳ್ಳೆಯಿಲ್ಲ.

"ಅಕ್ಕಾ, ಯಾರೂ ಇಲ್ವಲ್ಲ!" ಎಂದಳು ಎರಡು ಜಡೆಯ ಹುಡುಗಿ.

"ಮೇಲಿನ ಮಹಡಿಯವರು ಮಾತಾಡಿದ್ದು ಕೇಳಿಸಿರುತ್ತೆ" ಎಂದಳು ಅವಳು. ನಂಬಿಸುವ ದನಿಯಲ್ಲಿ ಹೇಳಬೇಕೆಂದಿದ್ದಳು. ಆದರೆ ಅವಳಿಗೇ ನಂಬಿಕೆ ಬರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಹೊಸಬರು ಬಂದ ವಾರ ಗ್ರಂಥಾಲಯ ತೋರಿಸುವುದು ಅವಳ ಕೆಲಸ. ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವುದು ಹೇಗೆ, ಬೆನ್ನಿನ ಮೇಲಿನ ಸಂಖ್ಯೆ ಓದುವುದು ಹೇಗೆ, ಓದುವ ಕೋಣೆಯಲ್ಲಿ ಗೊರಕೆ ಹೊಡೆದರೆ ಯಾರು ಎಬ್ಬಿಸುತ್ತಾರೆ, ಎಲ್ಲವನ್ನೂ ಹೇಳಿಕೊಡುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗೈಡಮ್ಮ. ಮದುವೆಯಾಗದ ಹೆಣ್ಣಿಗೆ 'ಅಮ್ಮ' ಅಂಟಿಸಿದ್ದಕ್ಕೆ ಮೊದಮೊದಲು ಮುನಿಸಿತ್ತು. ಆಮೇಲೆ ಅಭ್ಯಾಸವಾಯಿತು, ಹಲ್ಲುನೋವು ಅಭ್ಯಾಸವಾದ ಹಾಗೆ.

ಕೊನೆಗೆ ನೆಲಮಾಳಿಗೆ. ಇಲ್ಲಿನ ಕಬ್ಬಿಣದ ಕಪಾಟುಗಳು ಹಳಿಯ ಮೇಲೆ ಓಡುವಂಥವು. ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ, ನಡುವೆ ಒಂದೇ ಒಂದು ಸಂದು. ಚಕ್ರ ತಿರುಗಿಸಿದರೆ ಬೇಕಾದ ಕಡೆ ಸಂದು ತೆರೆಯುತ್ತದೆ, ಮೊದಲಿದ್ದ ಸಂದು ಮುಚ್ಚುತ್ತದೆ. ಮುಚ್ಚುವ ಸಂದಿನಲ್ಲಿ ಮನುಷ್ಯನಿದ್ದರೆ? ಅದಕ್ಕೇ ಒಂದು ಕ್ರಮ. ಮೊದಲು ಕೊಂಡಿ ಎಳೆಯಬೇಕು. ಆಗ ಕಪಾಟು ಒಮ್ಮೆ ಮೈಕೊಡವುತ್ತದೆ. ಆಮೇಲೆ ಕರೆಯಬೇಕು. ಕಾಯಬೇಕು.

"ಉತ್ತರ ಬರಲಿಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ಅರ್ಥ" ಎಂದು ಪ್ರತಿ ತಂಡಕ್ಕೂ ಹೇಳಿಕೊಡುತ್ತಿದ್ದಳು.

ಈ ಪಾಠವನ್ನು ಅವಳು ತನ್ನ ಬದುಕಿಗೂ ಹಚ್ಚಿಕೊಂಡಿದ್ದಳು. ಅದೇ ತಪ್ಪಾಯಿತು.

ಹೋದ ವರ್ಷದ ಮಾತು. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನಿದ್ದ. ಬೆರಳಿನಲ್ಲಿ ಸದಾ ಅಂಟು, ಆದ್ದರಿಂದ ಅಂಟುರಾಯ. ಕಡಿಮೆ ಮಾತು, ಹೆಚ್ಚು ನಗು. ಅವಳು ಮಾತಾಡುವಾಗ ಕಣ್ಣು ಮಿಟುಕಿಸದೆ ಮುಖ ನೋಡುತ್ತಿದ್ದ. ಹಾಗೆ ನೋಡಿಸಿಕೊಂಡ ಹೆಣ್ಣು ಏನೆಂದುಕೊಳ್ಳುತ್ತಾಳೆ? ಅವಳೂ ಅದನ್ನೇ ಅಂದುಕೊಂಡಳು.

ಎದುರು ನಿಂತು ಹೇಳಲು ನಾಚಿಕೆ. ಒಂದು ದಿನ ಅವನು ಕಪಾಟಿನ ಆ ಬದಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ, ಈ ಬದಿಯಿಂದಲೇ ಪುಸ್ತಕಗಳಿಗೆ ಮುಖಮಾಡಿ ಹೇಳಿಬಿಟ್ಟಿದ್ದಳು. "ನಂಗೆ ನೀವು ಬೇಕು... ನಮ್ಮನೆಗೆ ಬಂದು ಅಣ್ಣನ ಹತ್ರ ಮಾತಾಡ್ತೀರಾ?"

ಉತ್ತರವಿಲ್ಲ. ಪುಸ್ತಕ ಜೋಡಿಸುವ ಸದ್ದು. ಆಮೇಲೆ ದೂರವಾದ ಹೆಜ್ಜೆ.

ಮಾರನೆಯ ದಿನ ಅವನು ಎದುರಾದಾಗ ಮುಖ ತಿರುಗಿಸಿಕೊಂಡು ಹೋದಳು. ಕೆಲವೇ ದಿನಗಳಲ್ಲಿ ಅವನು ರಜೆ ಹಾಕಿ ಹೋದ. ತಿರುಗಿ ಬರಲಿಲ್ಲ.

ಬಂದದ್ದು ದನಿ ಮಾತ್ರ... ಈಗ, ಖಾಲಿ ಸಂದಿನಿಂದ!

*

"ಅಂಟುರಾಯನ ಸುದ್ದಿ ಏನಾದ್ರೂ ಗೊತ್ತಾ ದೊಡ್ಡಕ್ಕ?" ಮೇಲೆ ಬಂದವಳು ತುಂಬ ಸಹಜವಾಗಿ ಕೇಳಿದಳು.

ಪುಸ್ತಕ ಕೊಡುವ ಕಟ್ಟೆಯಲ್ಲಿ ಕೂರುವ ದೊಡ್ಡಕ್ಕ ಕನ್ನಡಕ ಕೆಳಗಿಳಿಸಿದಳು. "ವರ್ಷ ಕಳೆದ ಮೇಲೆ ಕೇಳ್ತಿದ್ದೀಯಲ್ಲೇ! ಪಾಪ, ತಲೆಗೇನೋ ಆಪರೇಷನ್ ಆಯ್ತಂತೆ ಕಣೇ. ಅವನ ಅಕ್ಕ ಬಂದು ಕರಕೊಂಡು ಹೋದಳಂತೆ. ಆಮೇಲೆ..."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಅದೇ ಭಯ. ಬದುಕಿದ್ದರೆ ಒಂದು ಮಾತಾದರೂ ಬರಬೇಕಿತ್ತಲ್ವಾ?"

ಅವಳ ಕಣ್ಣು ನೆಲಮಾಳಿಗೆಯ ಮೆಟ್ಟಿಲಿನತ್ತ ಹೋಯಿತು.

'ಹಾಗಾದರೆ... ಕೆಳಗೆ ಓಗೊಟ್ಟಿದ್ದು ಯಾರು?'

*

ಮರುದಿನದ ತಂಡ ಮೊದಲೇ ಪಿಸುಗುಡುತ್ತ ಬಂತು. ಪುಸ್ತಕ ಹುಡುಕುವ ಪಾಠ ನೆನಪಿರದಿದ್ದರೂ ದೆವ್ವದ ಸುದ್ದಿ ವಿದ್ಯಾರ್ಥಿನಿಲಯಗಳನ್ನೆಲ್ಲ ಸುತ್ತಿ ಬಂದಿತ್ತು. ಎರಡು ಜಡೆಯ ಹುಡುಗಿ ಮತ್ತೆ ಬಂದು ನಿಂತಿದ್ದಳು. "ನಿನ್ನೆ ಸರಿಯಾಗಿ ಅರ್ಥವಾಗಲಿಲ್ಲ ಅಕ್ಕಾ" ಎಂದು ನೆಪ ಹೇಳಿದಳು.

ಗೈಡಮ್ಮ ಕೊಂಡಿ ಎಳೆದಳು. ಕಪಾಟು ಮೈಕೊಡವಿತು. ಕರೆಯಲೆಂದು ಉಸಿರು ಎಳೆದುಕೊಂಡಳು...

"ಇದ್ದೀನಿ, ತಾಳಿ!"

"ಅಕ್ಕಾ..." ಹುಡುಗಿಯ ದನಿ ನಡುಗಿತು. "ನೀವಿನ್ನೂ ಕರೆದೇ ಇಲ್ಲ!"

ಅಷ್ಟು ಸಾಕಾಯಿತು. ಮೆಟ್ಟಿಲ ಮೇಲೆ ಕಾಲುಗಳ ಸುರಿಮಳೆ. ಮುಂದಿನ ಪೀಳಿಗೆಯ ವಿದ್ವಾಂಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಬೆಳಕಿಗೆ ಓಡಿದರು.

ಗ್ರಂಥಾಲಯದ ಮುಖ್ಯಸ್ಥರು ಅವಳನ್ನು ಕರೆಸಿಕೊಂಡರು. ಒಳ್ಳೆಯವರು, ಮರೆವಿನವರು. ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಲೇ ಹೇಳಿದರು. "ನಾಳೆಯಿಂದ ಯಾರೂ ಕೆಳಗೆ ಹೋಗೋದು ಬೇಡಮ್ಮ. ಬಾಗಿಲಿಗೆ ಬೀಗ ಹಾಕಿಸ್ತೀನಿ."

ಬೀಗ! ಅದು ಬಿದ್ದರೆ ಆ ದನಿಯೂ ಇಲ್ಲ. ದೆವ್ವವೋ, ಭ್ರಮೆಯೋ... ಅವನದೆಂದು ಅವಳಿಗೆ ಉಳಿದದ್ದು ಅದೊಂದೇ.

*

ಆವತ್ತೇ ನಡುಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತು. ಅವಳೊಬ್ಬಳೇ ಕೆಳಗಿಳಿದಳು.

ದೀಪ ಹಾಕಿದರೂ ನೆಲಮಾಳಿಗೆಗೆ ಅದು ಬೇಕಿದ್ದಂತೆ ಕಾಣಲಿಲ್ಲ. ಹಳೆಯ ಕಾಗದದ ವಾಸನೆ. ಎಲ್ಲೋ ಹನಿ ತೊಟ್ಟಿಕ್ಕುವ ಸದ್ದು. ಮೈತಾಗಿಸಿ ನಿಂತ ಕಪಾಟುಗಳು ಅವಳು ಬಂದದ್ದನ್ನು ನೋಡಿ ಮಾತು ನಿಲ್ಲಿಸಿದವರಂತೆ ತೆಪ್ಪಗಿದ್ದವು.

"ಇದ್ದೀರಾ?" ಎಂದಳು ಸಂದಿನೊಳಕ್ಕೆ.

ಮೌನ.

"ನಾನು ಕಣ್ರೀ..."

ಮೌನ.

"ನೀವು ಸತ್ತಿದ್ದರೂ ಪರವಾಗಿಲ್ಲ. ನಂಗೆ ಹೆದರಿಕೆ ಇಲ್ಲ." ಸುಳ್ಳು. "ಆವತ್ತು ನಾನು ಕೇಳಿದ್ದಕ್ಕೆ ಏನಾದ್ರೂ ಹೇಳಿಬಿಡಿ. ಬೇಡ ಅಂದ್ರೂ ಸರಿ! ಏನೂ ಹೇಳದೆ ಹೋಗೋದು ಮಾತ್ರ ಬೇಡ..."

ಹನಿ ಮಾತ್ರ ತೊಟ್ಟಿಕ್ಕಿತು. ದೆವ್ವಕ್ಕೂ ತಾನು ಬೇಡವಾದೆನೇ? ದುಃಖದ ನಡುವೆಯೂ ಆ ಯೋಚನೆಗೆ ಅವಳಿಗೆ ರೇಗಿತು. ಕಣ್ಣೀರು ಒರೆಸಿಕೊಂಡು, ಸಿಟ್ಟಿನಿಂದ ಕಪಾಟಿಗೆ ಒಂದು ಗುದ್ದು ಕೊಟ್ಟಳು. ಕೊಂಡಿ ಬಿಟ್ಟುಕೊಂಡು ಕಪಾಟು ಅಲುಗಿತು.

"ಇದ್ದೀನಿ! ತಾಳಿ!"

ಅವಳ ಅಳು ಥಟ್ಟನೆ ನಿಂತಿತು.

ಕರೆದರೆ ಇಲ್ಲ. ಬೇಡಿಕೊಂಡರೆ ಇಲ್ಲ. ಅಲುಗಾಡಿಸಿದರೆ ಮಾತ್ರ!

ಮತ್ತೆ ಅಲುಗಿಸಿದಳು.

"ಇದ್ದೀನಿ ಅಂದೆನಲ್ಲ!"

ದೆವ್ವಕ್ಕೆ ಇಷ್ಟು ಬೇಗ ಸಿಡುಕು ಬರುತ್ತದೆಯೇ? ಅವಳು ನೆಲಕ್ಕೆ ಬಾಗಿ ನೋಡಿದಳು. ದನಿ ಬಂದದ್ದು ಕೆಳಗಿನಿಂದ. ಕಪಾಟಿನ ಹಳಿಗಳು ಗೋಡೆಗೆ ಬಂದು ನಿಂತಿರಲಿಲ್ಲ. ಗೋಡೆಯ ಅಡಿಯಲ್ಲಿ ತೂರಿ ಆಚೆಗೆ ಹೋಗಿದ್ದವು! ಅದು ಗೋಡೆಯೇ ಅಲ್ಲ, ಬಣ್ಣ ಬಳಿದ ಹಲಗೆ. ಹಲಗೆಯ ಕೆಳಗಿನ ಸೀಳಿನಿಂದ ಹಳದಿ ಬೆಳಕಿನ ಎಳೆಯೊಂದು ಈಚೆ ಚಾಚಿತ್ತು.

ಹಿತ್ತಲ ಮೆಟ್ಟಿಲು ಸುತ್ತಿ ಓಡಿದಳು. ಹಲಗೆಯ ಆಚೆಗಿದ್ದದ್ದು ಹಳೆಯ ಪತ್ರಿಕೆಗಳನ್ನು ತುಂಬಿಡುವ ಕೋಣೆ. ಬಾಗಿಲು ತಳ್ಳಿದಳು.

ದೀಪದ ಕೆಳಗೆ ಬೆನ್ನು ತಿರುಗಿಸಿ ಒಬ್ಬ ಕುಳಿತಿದ್ದ.

"ರೀ..." ಎಂದಳು.

ಅವನು ತಿರುಗಲಿಲ್ಲ.

"ರೀ!" ಕೂಗಿದಳು.

ತಿರುಗಲಿಲ್ಲ. ಮುಖವಿಲ್ಲದಿದ್ದರೆ? ತಿರುಗಿದಾಗ ಅಲ್ಲಿ ಏನೂ ಇಲ್ಲದಿದ್ದರೆ?

ಹಳಿಯ ಮೇಲೆ ಕಾಲಿಟ್ಟು ಜೋರಾಗಿ ತುಳಿದಳು. ಹಳಿಯ ಮೇಲೆಯೇ ನಿಂತಿದ್ದ ಮೇಜು ಅದುರಿತು, ಅಂಟಿನ ಬಟ್ಟಲು ಗಲಗಲ ಎಂದಿತು.

"ಇದ್ದೀನಿ, ತಾ..."

ತಿರುಗಿದ. ಅದೇ ಮುಖ. ತೆಳುವಾಗಿತ್ತು, ಆದರೆ ಜೀವಂತವಾಗಿತ್ತು. ಕಿವಿಯ ಹಿಂದೆ ಗಾಯದ ಗೀರು.

"ನೀವಾ!" ಎಂದ. ಅವನ ಕೈಯಿಂದ ಕುಂಚ ಜಾರಿತು.

"ಬದುಕಿದ್ದೀರಾ!" ಎಂದಳು. ಆಮೇಲೆ ಸಿಟ್ಟು ಉಕ್ಕಿತು. "ಬದುಕಿದ್ದೂ ನಮ್ಮನ್ನೆಲ್ಲ ಹೀಗೆ ಹೆದರಿಸೋದಾ?"

"ಮೆಲ್ಲಗೆ... ಮುಖ ನೋಡಿ ಹೇಳಿ. ಕಿವಿ ಕೇಳಲ್ಲ ನಂಗೆ."

"ಯಾವಾಗಿಂದ?" ಎಂದಳು, ಅವನ ಎದುರಿಗೆ ಬಂದು.

"ಹೋದ ವರ್ಷವೇ ಕೇಳೋದು ಕಮ್ಮಿ ಆಗಿತ್ತು. ಹೇಳೋಕೆ ನಾಚಿಕೆ. ಒಂದು ದಿನ ಸಂದಿನಲ್ಲಿದ್ದೆ, ಕಪಾಟು ನನ್ನ ಮೇಲೇ ಮುಚ್ಚಿಕೊಂಡು ಬಂತು. ಯಾರೋ ಕರೆದಿರ್ತಾರೆ, ನಂಗೆ ಕೇಳಿಸಿಲ್ಲ. ಹೇಗೋ ನುಸುಳಿ ಬಂದೆ. ಆವತ್ತಿಂದ ಹಳಿ ಅಲುಗಿದ್ರೆ ಸಾಕು, ಬಾಯಿ ತಾನಾಗೇ ಕೂಗುತ್ತೆ. ಈ ಕೋಣೇಲಿ ಭಯವಿಲ್ಲ ಅಂತ ತಲೆಗೆ ಗೊತ್ತು, ಬಾಯಿಗೆ ಗೊತ್ತಿಲ್ಲ." ಅವನು ನಗಲು ನೋಡಿದ. "ಆಪರೇಷನ್ ಅರ್ಧ ಫಲಿಸ್ತು. ಗುಡುಗಿದ್ರೆ ಕೇಳುತ್ತೆ. ಮೊನ್ನೆಯಷ್ಟೇ ಕೆಲಸಕ್ಕೆ ಬಂದೆ. ಯಾರಿಗೂ ಹೇಳಬೇಡಿ ಅಂತ ಮುಖ್ಯಸ್ಥರಿಗೆ ಹೇಳಿದ್ದೆ. ಅವರು ಹೇಳಲಿಲ್ಲ ಅನ್ನೋದಕ್ಕಿಂತ ಮರೆತಿರಬೇಕು."

"ಯಾಕೆ? ನಂಗ್ಯಾಕೆ ಹೇಳಲಿಲ್ಲ?"

"ನೀವು ಮುಖ ತಿರುಗಿಸಿಕೊಂಡು ಹೋದ್ರಿ. ಕಿವುಡ ಅಂತ ಗೊತ್ತಾಗಿ ಬೇಡವಾಯ್ತು ಅಂದ್ಕೊಂಡೆ. ನಿಮ್ಮ ಮಾತು ನಾನು ಕೇಳ್ತಿದ್ದದ್ದೇ ಮುಖದಲ್ಲಿ. ಅದೇ ಇಲ್ಲ ಅಂದ ಮೇಲೆ..."

'ಉತ್ತರ ಬರಲಿಲ್ಲ ಅಂದ್ರೆ ಯಾರೂ ಇಲ್ಲ ಅಂತ ಅರ್ಥ.' ಎಷ್ಟು ಮಕ್ಕಳಿಗೆ ಇದನ್ನು ಕಲಿಸಿದೆನೋ! ಒಂದು ಹೆಜ್ಜೆ ಮುಂದಿಟ್ಟು ಇಣುಕಿ ನೋಡಿ ಎಂದು ಯಾಕೆ ಕಲಿಸಲಿಲ್ಲ? ನಾನ್ಯಾಕೆ ನೋಡಲಿಲ್ಲ?

ಅವಳು ದೀಪವನ್ನು ತನ್ನ ಮುಖದತ್ತ ತಿರುಗಿಸಿದಳು. ಸ್ಟೂಲು ಎಳೆದು ಅವನ ಎದುರು ಕುಳಿತಳು. ಪುಸ್ತಕದ ಮರೆಯಿಲ್ಲ, ಕಪಾಟಿನ ಮರೆಯಿಲ್ಲ. ಕೆನ್ನೆ ಉರಿಯುತ್ತಿತ್ತು.

"ಆವತ್ತು ಕಪಾಟಿನ ಮರೆಯಿಂದ ಒಂದು ಮಾತು ಹೇಳಿದ್ದೆ, ಉತ್ತರ ಬರಲಿಲ್ಲ ಅಂತ ಮುಖ ತಿರುಗಿಸಿದೆ" ಎಂದಳು. ಆಮೇಲೆ ಒಂದೊಂದೇ ಪದವಾಗಿ, "ನಂಗೆ... ನೀವು... ಬೇಕು."

ಅವನ ಕಣ್ಣು ಅವಳ ತುಟಿಯಿಂದ ಏಳಲಿಲ್ಲ. ನಿಧಾನವಾಗಿ ಅವು ತುಂಬಿಕೊಂಡವು.

"ಇದೇನಾ ಆವತ್ತು ಹೇಳಿದ್ದು?"

"ಹೂಂ. ಇನ್ನೂ ಒಂದಿತ್ತು. ನಮ್ಮನೆಗೆ ಬಂದು ಅಣ್ಣನ ಹತ್ರ ಮಾತಾಡಬೇಕು."

"ಬರ್ತೀನಿ. ಇವತ್ತೇ ಬರ್ತೀನಿ!" ಎಂದವನು ತಕ್ಷಣ ಗಾಬರಿಯಾದ. "ಅವರು ಏನಂದ್ರೂ ನಂಗೆ ಕೇಳಿಸಲ್ವಲ್ಲ."

"ಪಕ್ಕದಲ್ಲೇ ಇರ್ತೀನಿ, ಹೇಳ್ತೀನಿ."

"ಬೈದಿದ್ದನ್ನ ಬಿಟ್ಟು ಉಳಿದಿದ್ದು ಹೇಳಿ."

"ನಮ್ಮಣ್ಣನ ಮಾತಲ್ಲಿ ಅದು ಬಿಟ್ರೆ ಏನೂ ಉಳಿಯಲ್ಲ."

ಅವನು ಅಂಟಾಗಿದ್ದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ಅಂಜುತ್ತ ಅವಳ ಕೈ ಹಿಡಿದ.

"ಹಾಗಾದ್ರೆ ಹೀಗೇ ಹಿಡ್ಕೊಂಡು ಕೂತಿರಿ. ಅವರು ಮುಗಿಸೋವರೆಗೂ ನಾನು ನಿಮ್ಮನ್ನೇ ನೋಡ್ತಿರ್ತೀನಿ."