ಹೊಗೆ ಹೋದ ದಾರಿ

"ಅಜ್ಜಾ, ನೀವು ಸಾಲಿನಿಂದ ಈಚೆ ಬನ್ನಿ," ಎಂದರು ಸಿಸ್ಟರ್.

ಆಸ್ಪತ್ರೆಯ ಅಷ್ಟುದ್ದ ಸಾಲಿನಲ್ಲಿ ಅವರು ಬೆರಳು ತೋರಿಸಿದ್ದು ಅಜ್ಜನೊಬ್ಬನಿಗೇ. ಪಕ್ಕದಲ್ಲಿದ್ದ ಮೊಮ್ಮಗಳು ಚೂಟಿಗೆ ಮೈಯೆಲ್ಲ ಉರಿಯಿತು.

"ಯಾಕೆ? ನಮ್ಮದು ಏಳನೇ ನಂಬರು!"

"ಎಷ್ಟು ದಿನದಿಂದ ಕೆಮ್ಮು?"

"ಮೂರು ವಾರ," ಎಂದವಳು ತುಟಿ ಕಚ್ಚಿಕೊಂಡಳು. ಹೇಳಬಾರದಿತ್ತೇನೋ!

ಸಿಸ್ಟರ್ ಅಜ್ಜನ ಕೈಗೊಂದು ಮಾಸ್ಕ್ ಕೊಟ್ಟರು. "ಇದನ್ನ ಹಾಕ್ಕೊಂಡು ಹಿಂದಿನ ಜಗಲೀಲಿ ಕೂತಿರಿ. ನಾನೇ ಕರೀತೀನಿ."

ಅಜ್ಜ ದರ್ಜಿ. ಆಸ್ಪತ್ರೆಯೆಂದರೆ ಮಾರು ದೂರ ಹಾರುವವನು. "ಕೆಮ್ಮಲ್ಲ ಕಣೇ, ಬಟ್ಟೆ ಧೂಳು," ಎಂದು ಮೂರು ವಾರ ತಳ್ಳಿದ್ದ. ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೊರಡುವಾಗ ಚೂಟಿಯ ಕಿವಿಯಲ್ಲಿ, "ಇವತ್ತು ತಪ್ಪಿಸಿಕೊಂಡರೆ ಮತ್ತೆ ಬರೋ ಆಸಾಮಿಯಲ್ಲ. ಕೈ ಬಿಡಬೇಡ," ಎಂದಿದ್ದಳು.

ಹಿಂದಿನ ಜಗಲಿಯಲ್ಲಿ ಒಂದು ಬೆಂಚು, ಒಂದು ಮುರುಕು ಬಕೆಟ್ಟು. ಬೇರೆ ಒಂದು ನರಪಿಳ್ಳೆಯೂ ಇಲ್ಲ.

"ನೋಡಿದೆಯಾ? ಕಸ ಗುಡಿಸಿದ ಹಾಗೆ ಗುಡಿಸಿ ಹಿಂದಕ್ಕೆ ಹಾಕಿದ್ರು," ಎಂದ ಅಜ್ಜ. "ಏಳು, ಹೋಗೋಣ."

"ಐದು ನಿಮಿಷ ಅಜ್ಜ, ಪ್ಲೀಸ್!"

ಬೆಂಚಿನ ಪಕ್ಕದಲ್ಲೇ ಸಿಸ್ಟರ್ ಕೋಣೆಯ ಕಿಟಕಿ. ಅದರ ಗಾಜಿನ ಬಾಗಿಲು ಹೊರಕ್ಕೆ ತೆರೆದಿತ್ತು. ಮುಚ್ಚಿಕೊಳ್ಳದಿರಲೆಂದು ಯಾರೋ ಇಟ್ಟಿಗೆ ಒತ್ತಿಟ್ಟಿದ್ದರು. ಚೂಟಿ ಬೆಕ್ಕಿನಂತೆ ಇಣುಕಿದಳು.

ಒಳಗೆ ಸಿಸ್ಟರ್ ಒಬ್ಬರೇ. ತಮ್ಮ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದರು. ಇನ್ನೊಂದು ಕುರ್ಚಿಯನ್ನು ಕಿಟಕಿಯ ಹತ್ತಿರ ತಳ್ಳಿದರು. ಬಾಗಿಲ ಬಳಿಯಿದ್ದ ಫ್ಯಾನಿನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಆಮೇಲೆ ಒಂದು ಊದುಬತ್ತಿ ಹಚ್ಚಿ, ಅದನ್ನು ಹಿಡಿದು, ಹೊಗೆಯನ್ನೇ ನೋಡುತ್ತ ನಿಂತರು. ಹೊಗೆ ಕೋಣೆಯುದ್ದಕ್ಕೂ ಹರಿದು ನೇರ ಚೂಟಿಯ ಮೂಗಿಗೇ ಬಂತು.

"ಅಜ್ಜ! ಒಳಗೆ ಏನೋ ಮಸಲತ್ತು ನಡೀತಿದೆ. ಊದುಬತ್ತಿ ಹಚ್ಚಿದ್ದಾರೆ!"

ಅಜ್ಜ ಮಾಸ್ಕನ್ನು ಸರಿಮಾಡಿಕೊಂಡ. "ನಮ್ಮ ವಾಸನೆ ಹೋಗಲಿ ಅಂತಿರಬೇಕು," ಎಂದ ಮೆಲ್ಲಗೆ.

ಅಷ್ಟು ಸಣ್ಣ ದನಿಯಲ್ಲಿ ಅಜ್ಜ ಮಾತಾಡಿದ್ದನ್ನು ಚೂಟಿ ಕೇಳಿಯೇ ಇರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಇಟ್ಟಿಗೆ ಎತ್ತಿ ಆಚೆ ಇಟ್ಟು, ಕಿಟಕಿಯನ್ನು ದಬ್ಬನೆ ತಳ್ಳಿದಳು. "ಅವರ ಹೊಗೆ ಅವರಿಗೇ ಇರಲಿ!"

ಗಾಜಿಗೆ ಬಡಿದ ಹೊಗೆ ಗಿರ್ರನೆ ಹಿಂದಕ್ಕೆ ತಿರುಗಿತು. ಸುತ್ತಿ ಸುಳಿದು ಸಿಸ್ಟರ್ ಮುಖಕ್ಕೇ ಮುತ್ತಿತು. ಅವರು ಕಣ್ಣುಜ್ಜಿಕೊಳ್ಳುತ್ತ ಜಗಲಿಗೆ ಬಂದರು.

ಬೈಗುಳ ಬೀಳುತ್ತದೆಂದು ಚೂಟಿ ಕುತ್ತಿಗೆ ಕುಗ್ಗಿಸಿದಳು.

"ಅಜ್ಜಾ, ಒಳಗೆ ಬನ್ನಿ. ಮೊದಲು ನಿಮ್ಮದೇ."

"ಅದ್ಹೇಗೆ?" ಮುಂದಿನ ಸಾಲಿನಿಂದ ಒಂದು ಗಡಸು ದನಿ ಕೂಗಿತು. "ನನ್ನದು ಒಂದನೇ ನಂಬರು!"

"ಕೆಮ್ಮೋರು ಮೊದಲು ಅಣ್ಣಾ. ಅವರು ಬೇಗ ಮನೆಗೆ ಹೋದ್ರೆ ನಿಮಗೇ ಒಳ್ಳೇದು."

ಸಿಸ್ಟರ್ ಕಿಟಕಿಯನ್ನು ಮತ್ತೆ ಅರ್ಧ ತೆರೆದು, ಅಜ್ಜನನ್ನು ಅದರ ಬಳಿಯ ಕುರ್ಚಿಯಲ್ಲಿ ಕೂರಿಸಿದರು. ಚೂಟಿ ಊದುಬತ್ತಿಯನ್ನೇ ದುರುಗುಟ್ಟಿ ನೋಡಿದಳು. "ಇದು ಯಾಕೆ?"

"ಕಿಟಕಿ ಮುಚ್ಚಿದಾಗ ಹೊಗೆ ಏನು ಮಾಡ್ತು?"

"ನಿಮ್ಮ ಮುಖಕ್ಕೆ ಬಂತು."

"ಹೂಂ. ಕೆಮ್ಮಿನ ಗಾಳಿ ಕಣ್ಣಿಗೆ ಕಾಣಲ್ಲ, ಹೊಗೆ ಕಾಣುತ್ತೆ. ಇದು ಹೋದ ದಾರೀಲೇ ಅದೂ ಹೋಗುತ್ತೆ. ಇಲ್ಲಿ ದೊಡ್ಡ ಮಷೀನು ಗಿಷೀನು ಏನಿಲ್ಲಮ್ಮ. ಇರೋದು ಒಂದು ಫ್ಯಾನು, ಎರಡು ಕಿಟಕಿ, ಒಂದು ಇಟ್ಟಿಗೆ."

"ಮತ್ತೆ ಹಿಂದೆ ಕೂರಿಸಿದ್ದು?"

"ನಿಮ್ಮ ಹಿಂದೆ ಎಂಟನೇ ನಂಬರು ಯಾರದ್ದು, ನೋಡಿದೆಯಾ?"

ಚೂಟಿಗೆ ನೆನಪಾಯಿತು. ತಾಯಿಯ ಹೆಗಲ ಮೇಲೆ ನಿದ್ದೆಹೋಗಿದ್ದ ಕೈಗೂಸು. ಅಜ್ಜ ಕೆಮ್ಮಿದಾಗೆಲ್ಲ ಬೆಚ್ಚುತ್ತಿತ್ತು.

"ಅಜ್ಜನಿಗೆ ಟಿಬಿನಾ?" ಚೂಟಿ ಅಜ್ಜನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಗೊತ್ತಿಲ್ಲ. ಕಫದ ಟೆಸ್ಟ್ ಆದ್ಮೇಲೆ ಗೊತ್ತಾಗುತ್ತೆ. ಟಿಬಿ ಆಗಿದ್ರೂ ಮಾತ್ರೆ ಇದೆ. ಬಿಡದೆ ನುಂಗಿದ್ರೆ ವಾಸಿಯಾಗುತ್ತೆ. ನಾಡಿದ್ದು ಬರ್ತೀರಲ್ಲ ಅಜ್ಜಾ?"

ಅಜ್ಜನ ಕಣ್ಣು ಇನ್ನೊಂದು ಕಿಟಕಿಯ ದಪ್ಪ ಪರದೆಯ ಮೇಲಿತ್ತು. "ಇದನ್ನ ಹೊಲಿದೋನು ಯಾವ ಪುಣ್ಯಾತ್ಮ? ಕಿಟಕಿಗೇ ಉಸಿರು ಕಟ್ಟಿದೆ!"

"ಇದ್ದಿದ್ದು ಅದೇ ಬಟ್ಟೆ. ಏನು ಮಾಡೋಣ ಹೇಳಿ?"

"ಬಿಚ್ಚಿಕೊಡಿ. ಅರ್ಧ ಕತ್ತರಿಸಿ, ಅಂಚು ಹೊಲಿದು ಕೊಡ್ತೀನಿ. ನಾಡಿದ್ದು ಹೇಗೂ ಬರಬೇಕಲ್ಲ!"

ಸಿಸ್ಟರ್ ಮಾಸ್ಕಿನೊಳಗೆ ನಕ್ಕದ್ದು ಅವರ ಕಣ್ಣಲ್ಲೇ ಗೊತ್ತಾಯಿತು. ಕಫ ಹಿಡಿಯುವ ಡಬ್ಬಿ ಕೊಟ್ಟು ಅಜ್ಜನನ್ನು ಬಯಲಿಗೆ ಕಳಿಸಿದರು. ಅಷ್ಟರಲ್ಲಿ ಚೂಟಿ ಜಗಲಿಗೆ ಓಡಿ, ಕಿಟಕಿಯನ್ನು ಪೂರ್ತಿ ತೆರೆದು, ಇಟ್ಟಿಗೆಯನ್ನು ಮೊದಲಿನ ಜಾಗದಲ್ಲೇ ಇಟ್ಟಳು.

ಮನೆಯಲ್ಲಿ ಅಜ್ಜನ ಕೋಣೆಯ ಕಿಟಕಿಯೇ ಬಟ್ಟೆಯ ಗಂಟುಗಳ ಹಿಂದೆ ಹೂತುಹೋಗಿತ್ತು. ಚೂಟಿ ಒಂದೊಂದೇ ಗಂಟನ್ನು ಎಳೆದು ಮೂಲೆಗೆ ಹಾಕಿ, ಕಿಟಕಿ ತೆರೆದಳು. "ನನ್ನ ಅಂಗಡೀನೇ ಕಿತ್ತಾಕ್ತೀಯಾ ಹೇಗೆ?" ಎಂದು ಗೊಣಗುತ್ತಲೇ ಅಜ್ಜ ಹೊಲಿಗೆ ಮಷೀನನ್ನು ಕಿಟಕಿಯ ಹತ್ತಿರ ಜರುಗಿಸಿದ.

ನೆಲದಲ್ಲಿ ಬಿದ್ದಿದ್ದ ಬಿಳಿ ದಾರದ ತುಂಡೊಂದನ್ನು ಚೂಟಿ ಎತ್ತಿಕೊಂಡಳು. ತೆರೆದ ಬಾಗಿಲ ಬಳಿ ನಿಂತು, ಎರಡು ಬೆರಳಲ್ಲಿ ಹಿಡಿದು ತೂಗುಬಿಟ್ಟಳು. ದಾರ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ಅಜ್ಜನ ಕಡೆಗೆ, ಅವನಾಚೆಯ ಕಿಟಕಿಯ ಕಡೆಗೆ ವಾಲಿತು.

ಅವಳು ಅಲ್ಲಿಯೇ ಮಣೆ ಹಾಕಿ ಕುಳಿತು, ಪುಸ್ತಕ ತೆರೆದಳು.

"ಜೋರಾಗಿ ಓದೇ," ಎಂದ ಅಜ್ಜ, ಪರದೆಗೆ ಕತ್ತರಿ ಹಾಕುತ್ತ. "ಇಷ್ಟು ದೂರಕ್ಕೆ ಕೇಳಬೇಕು."