ಹತ್ತನೆಯ ದಿನದ ಕೆಂಪು ಬಟ್ಟೆ

"ಇವತ್ತೂ ಕೆಂಪೇನಾ?" ಎಂದು ತಮಾಯಿವಾ ಕೇಳಿದ.

"ಕಣ್ಣು ಕಾಣಲ್ವಾ?" ಎಂದಳು ಮೋಯೆರೋವಾ, ಅವನ ಕಡೆ ತಿರುಗದೆ.

ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು ಅವನಿಗೆ. ಕಂಬದ ಮೇಲೆ ಕೆಂಪು ಬಟ್ಟೆ ಹಾರುತ್ತಿತ್ತು. ಕೆಳಗೆ ನಿಂತವಳ ಕಿವಿ ಅದಕ್ಕಿಂತ ಕೆಂಪಾಗಿತ್ತು. ಅವನು ಬಲಗಿವಿಯ ಟಿಯಾರೆ ಹೂವನ್ನು ಸರಿಮಾಡಿಕೊಂಡು ನಗುತ್ತಾ ಹೊರಟುಹೋದ. ಆ ದ್ವೀಪಗಳಲ್ಲಿ ಬಲಗಿವಿಯ ಹೂ ಎಂದರೆ ಮನಸ್ಸು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದು ಅರ್ಥ.

ಊರಿನ ಸುತ್ತ ಹವಳದ ದಿಬ್ಬ, ಅದಕ್ಕೊಂದೇ ಒಂದು ಕಂಡಿ. ದೋಣಿಗಳೆಲ್ಲ ಅದರಲ್ಲೇ ಹೋಗಬೇಕು, ಅದರಲ್ಲೇ ಬರಬೇಕು. ತೆಂಕಣ ಕಡಲಲ್ಲೆಲ್ಲೋ ಬಿರುಗಾಳಿ ಎದ್ದರೆ ದೊಡ್ಡ ಅಲೆಗಳು ದಿಬ್ಬ ಹಾರಿ ಒಳಗೆ ಬೀಳುತ್ತವೆ. ಒಳಗೆ ಬಿದ್ದ ನೀರಷ್ಟೂ ಆ ಕಂಡಿಯಿಂದಲೇ ಹೊರಗೆ ನುಗ್ಗುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇಲ್ಲ. ನೋಡಿದವರಿಗೆ ಅದೇ ಎಲ್ಲಕ್ಕಿಂತ ಶಾಂತವಾದ ಜಾಗ ಅನ್ನಿಸುತ್ತದೆ. ಹಾಗನ್ನಿಸಿಯೇ ಜನ ಸಾಯುವುದು.

ಮೋಯೆರೋವಾಳ ಅಜ್ಜ ದಿನಾ ಬೆಳಿಗ್ಗೆ ಕಂಡಿಗೊಂದು ತೆಂಗಿನ ಸಿಪ್ಪೆ ಎಸೆಯುತ್ತಿದ್ದ. ಅವನ ನಡಿಗೆಗಿಂತ ಬೇಗ ಸಿಪ್ಪೆ ಹೊರಗೆ ಓಡಿದರೆ ಕೆಂಪು ಬಟ್ಟೆ ಏರುತ್ತಿತ್ತು. ಅಜ್ಜ ಹೋದ ಮೇಲೆ ಆ ಕೆಲಸ ಮೊಮ್ಮಗಳದ್ದು. ಬಟ್ಟೆ ಏರಿದ ದಿನ ಊರಲ್ಲಿ ಯಾರೂ ಕಂಡಿಗೆ ಇಳಿಯುವುದಿಲ್ಲ, ಯಾಕೆ ಅಂತ ಕೇಳುವುದೂ ಇಲ್ಲ.

ತಮಾಯಿವಾ ನೆರೆಯ ದ್ವೀಪದವನು. ಅಣ್ಣನ ಜೊತೆ ಅವನ ಮೋಟಾರು ದೋಣಿಯಲ್ಲಿ ಮದುವೆ ಮನೆಗೆ ಚಾಪೆ ತಂದಿದ್ದ. ಎರಡೇ ದಿನಕ್ಕೆ ಅಂತ ಬಂದವನು ಅಲೆಗೆ ಸಿಕ್ಕಿ ಒಂಬತ್ತು ದಿನ ಕೂತ. ಕೂತವನು ಸುಮ್ಮನೆ ಕೂತನೇ? ದಿನಾ ಬೆಳಿಗ್ಗೆ ದಡಕ್ಕೆ ಬಂದು, "ಸಿಪ್ಪೆ ಗೆಲ್ಲುತ್ತೋ ನೀನು ಗೆಲ್ತೀಯೋ?" ಎಂದು ಅವಳ ಪಕ್ಕ ಓಡುತ್ತಿದ್ದ. ದೀವಿ ಹಲಸು ಸುಟ್ಟುಕೊಡ್ತೀನಿ ಅಂತ ಇದ್ದಿಲು ಮಾಡಿ ತಂದುಕೊಟ್ಟಿದ್ದ. ಅದನ್ನೂ ಅವಳು ತಿಂದಿದ್ದಳು.

ಹತ್ತನೆಯ ಬೆಳಿಗ್ಗೆ ಎಸೆದ ಸಿಪ್ಪೆ ಬಿದ್ದಲ್ಲೇ ತೇಲುತ್ತಾ ನಿಂತಿತು. ದಾರಿ ತೆರೆದಿತ್ತು. ಬಟ್ಟೆ ಇಳಿಸಿದರೆ ಅವನು ಹೋಗುತ್ತಾನೆ. ಮೋಯೆರೋವಾಳ ಕೈ ಹಗ್ಗದವರೆಗೆ ಹೋಗಿ ವಾಪಸ್ ಬಂತು. ಇವತ್ತೂ ಕೆಂಪೇನಾ ಎಂದು ತಮಾಯಿವಾ ಬಂದು ಕೇಳಿದ್ದು ಆಗಲೇ.

ಆ ದಿನ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸಿದಳು. ಯಾರಾದರೂ ಕಡಲಿನ ಕಡೆ ನೋಡಿದರೆ ಅವರನ್ನು ಮಾತಿಗೆ ಎಳೆಯುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಗೆ ನಿದ್ದೆ ಬರುತ್ತದೆಯೇ?

ಮರುದಿನ ಅಲೆ ಮತ್ತೆ ಎದ್ದಿತು. ಸಿಪ್ಪೆ ಬಾಣದ ಹಾಗೆ ಹೋಯಿತು. ಇದು ನಿಜವಾದ ಕೆಂಪು. ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಕಂಡಿಯ ಅಂಚಿನಲ್ಲಿ ಒಂದು ತಲೆ ಕಂಡಿತು.

ಅಕಾಯಿತಿ ಅತ್ತೆ! ಕಂಡಿಯ ಪೊಟರೆಗಳಲ್ಲಿ ಆಕ್ಟೋಪಸ್ ಹಿಡಿಯುವುದು ಅತ್ತೆಯ ಕಸುಬು. ನೀರು ಆಗಲೇ ಅವಳನ್ನು ಎಳೆಯುತ್ತಿತ್ತು. ಅತ್ತೆ ದಡದ ಕಡೆ ಕೈ ಬಡಿಯುತ್ತಿದ್ದಳು, ಬಡಿದಷ್ಟೂ ಹಿಂದೆ ಹಿಂದೆ ಹೋಗುತ್ತಿದ್ದಳು.

"ಅತ್ತೇ! ಎದುರು ಈಜಬೇಡ! ಅಂಗಾತ ಮಲಕ್ಕೋ, ತೇಲು! ಕೈ ಎತ್ತು!"

ಅತ್ತೆ ಮಲಗಿದಳು. ಸೆಳೆತ ಅವಳನ್ನು ಕಂಡಿಯಾಚೆ ಒಯ್ಯಿತು. ಮೋಯೆರೋವಾ ಮರದ ದೋಣಿ ನೂಕಿದಾಗ ಮುಂದಿನ ಹುಟ್ಟು ಹಿಡಿದು ತಮಾಯಿವಾ ಆಗಲೇ ಹತ್ತಿ ಕೂತಿದ್ದ. ಎಲ್ಲಿಂದ ಬಂದನೋ! ಅದೇ ಸೆಳೆತ ಅವರನ್ನೂ ಹೊರಗೆ ಒಯ್ಯಿತು. ಆಚೆ ಅದರ ಬಲ ಇಳಿದಿತ್ತು. ಅತ್ತೆಯನ್ನು ಎಳೆದು ದೋಣಿಗೆ ಹಾಕಿಕೊಂಡರು. ಉಬ್ಬರ ಏರಿ ಸೆಳೆತ ತಗ್ಗುವವರೆಗೆ ವಾಪಸ್ ಹೋಗುವ ಹಾಗಿರಲಿಲ್ಲ. ಮೂವರೂ ಕಡಲ ಮೇಲೆ ತೂಗಾಡುತ್ತಾ ಕೂತರು, ನಡುವೆ ಅತ್ತೆ.

"ಕೆಂಪು ಇತ್ತಲ್ಲ ಅತ್ತೆ, ಯಾಕೆ ಇಳಿದೆ?" ಎಂದು ಕೇಳಿದಳು ಮೋಯೆರೋವಾ.

"ನಿನ್ನೆನೂ ಕೆಂಪಿತ್ತು ಕಣೇ. ನೀರು ನೋಡಿದ್ರೆ ಬಟ್ಟಲಲ್ಲಿಟ್ಟ ಹಾಲಿನ ಥರ ನಿಂತಿತ್ತು. ಹುಡುಗಿ ಬಟ್ಟೆ ಇಳಿಸೋದು ಮರೆತಿದ್ದಾಳೆ, ಇವತ್ತೂ ಹಾಗೇ ಅಂದ್ಕೊಂಡೆ."

ಮೋಯೆರೋವಾ ಹುಟ್ಟು ಕೆಳಗಿಟ್ಟಳು. "ಮರೆತಿರಲಿಲ್ಲ ಅತ್ತೆ. ಬೇಕೂಂತಲೇ ಬಿಟ್ಟಿದ್ದೆ."

"ಯಾಕೆ?"

ಮುಂದೆ ಕೂತ ತಮಾಯಿವಾ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. ಅತ್ತೆ ಅವನ ಬೆನ್ನು ನೋಡಿದಳು, ಇವಳ ಮುಖ ನೋಡಿದಳು.

"ಓಹೋ! ನಿಮ್ಮಿಬ್ಬರ ಪ್ರೀತಿಗೋಸ್ಕರ ಶಾರ್ಕಿಗೆ ಊಟ ಆಗೋಕೆ ನಾನೇ ಬೇಕಿತ್ತಾ?"

"ನನಗೂ ಗೊತ್ತಿತ್ತು," ಎಂದ ತಮಾಯಿವಾ ತಿರುಗಿ. "ನಿನ್ನೆ ನಾನೂ ಒಂದು ಸಿಪ್ಪೆ ಎಸೆದು ನೋಡಿದ್ದೆ."

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ?" ಎಂದಳು ಮೋಯೆರೋವಾ.

"ಬಿಟ್ಟಿದ್ರೆ ಅಣ್ಣ ಆವಾಗ್ಲೇ ಹೊರಡಿಸ್ತಿದ್ದ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ದಿನ ಅವನ ಬಾಯಿಂದ ಕೇಳಬೇಕು ಅಂದುಕೊಂಡ ಮಾತನ್ನು ಕೇಳಬಾರದ ಹೊತ್ತಿನಲ್ಲಿ ಕೇಳಿದ್ದಳು. "ಬಟ್ಟೆ ನಿನ್ನ ಕಟ್ಟಿ ಹಾಕಿದ್ರೆ ನೀನು ಉಳಿದ ಹಾಗಲ್ಲ," ಎಂದಳು. "ದಾರಿ ತೆರೆದಾಗ ಇಳಿಸ್ತೀನಿ. ಆವತ್ತು ಹೋಗೋದಾದ್ರೆ ಹೋಗು. ಇನ್ನೊಂದು ಸಲ ನಿನಗೋಸ್ಕರ ಸುಳ್ಳು ಹೇಳಲ್ಲ."

ದಡಕ್ಕೆ ಬಂದವಳು ಒದ್ದೆ ಬಟ್ಟೆಯಲ್ಲೇ ಊರಿನವರ ಮುಂದೆ ನಿಂತು ಎಲ್ಲ ಹೇಳಿದಳು. ಕೆಂಪು ಬಟ್ಟೆಯ ಕೆಲಸ ಬೇರೆಯವರಿಗೆ ಕೊಡಿ ಎಂದಳು.

ಅಕಾಯಿತಿ ಅತ್ತೆಯೇ, "ಇವಳ ಕೈಯಲ್ಲೇ ಇರಲಿ," ಎಂದಳು. "ಇನ್ನು ಆ ಕಂಡಿಗೆ ಇವಳಷ್ಟು ಹೆದರೋರು ಊರಲ್ಲಿ ಯಾರಿದ್ದಾರೆ?"

ಅದಾದ ಮೂರನೆಯ ಬೆಳಿಗ್ಗೆ ಸಿಪ್ಪೆ ನಿಂತಿತು. ನಂಬಿಕೆ ಸಾಲದೆ ಇನ್ನೊಂದು ಎಸೆದಳು. ಅದೂ ನಿಂತಿತು. ಮೋಯೆರೋವಾ ಹಗ್ಗ ಬಿಚ್ಚಿದಳು. ಬಟ್ಟೆ ಕೆಳಗಿಳಿಯಿತು.

ಅವಳು ಕಡಲಿಗೆ ಬೆನ್ನು ಹಾಕಿ ಬಟ್ಟೆ ಮಡಚತೊಡಗಿದಳು. ಅಣ್ಣನ ದೋಣಿಯ ಮೋಟಾರು ಗುಡುಗಿತು. ಸದ್ದು ಕಂಡಿ ದಾಟಿತು, ಸಣ್ಣದಾಯಿತು, ನಿಂತೇ ಹೋಯಿತು. ನಾಲ್ಕು ಮಡಿಕೆ ಆದ ಬಟ್ಟೆಯನ್ನು ಬಿಚ್ಚಿ ಮತ್ತೆ ಮೊದಲಿಂದ ಮಡಚಿದಳು.

"ನೀಟಾಗಿಲ್ಲ. ಆ ತುದಿ ಕೊಡಿಲ್ಲಿ."

ತಮಾಯಿವಾ ಎದುರಿಗೆ ನಿಂತಿದ್ದ.

"ದೋಣಿ?"

"ಹೋಯ್ತು."

"ದಾರಿ ತೆರೆದಿತ್ತಲ್ಲ," ಎಂದಳು.

"ನೋಡ್ದೆ. ಬೆಳಿಗ್ಗೆ ನಾನೂ ಎಸೆದೆ. ಸಿಪ್ಪೆ ನಿಂತಲ್ಲೇ ನಿಂತಿತ್ತು."

ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಅವನು ಬಗ್ಗಿದ. ಹೂವು ಎಡಗಿವಿಯಲ್ಲಿತ್ತು.