ತೊಳೆಯದ ಪೈಪು

"ಪಂಪ್‌ಹೌಸ್ ಮೇಡಂ, ಉಸುಕು ಭಾಳ ಗಟ್ಟಿ ಆಗ್ಯಾದ, ನಿಮ್ಮ ದನಿ ಇದ್ದಂಗ. ಸ್ವಲ್ಪ ನೀರು ಬಿಡ್ರಿ."

ಪವನ ನನ್ನ ಜೊತೆ ಮೊದಲು ಮಾತಾಡಿದ್ದು ಹೀಗೆ, ಫೋನಿನಲ್ಲಿ. ಲಿಂಗಸುಗೂರಿನ ಆಚೆಯ ಗಣಿಯಲ್ಲಿ ನಾನು ಮೇಲೆ, ಅವನು ಆರುನೂರು ಅಡಿ ಕೆಳಗೆ. ಅದಿರು ತೆಗೆದ ಪೊಳ್ಳು ಕುಸಿಯಬಾರದೆಂದು ನೀರಿನಲ್ಲಿ ಉಸುಕು ಕಲಸಿ ಪೈಪಿನಲ್ಲಿ ಇಳಿಸುವುದು ನನ್ನ ಕೆಲಸ. ಆ ಪೈಪು ನೋಡಿಕೊಳ್ಳುವುದು ಅವನದು.

ಎರಡು ವರ್ಷದಲ್ಲಿ ನಮ್ಮದೇ ಒಂದು ರೂಢಿ ಆಯಿತು. ಪಾಳಿ ಮುಗಿದಾಗ ಅವನು ಬೋಲ್ಟ್ ಬಿಚ್ಚುವ ಪಾನಾದಿಂದ ಪೈಪಿಗೆ ಎರಡು ಸಲ ಬಡಿಯುತ್ತಿದ್ದ. ಎಲ್ಲ ಸರಿ ಇದೆ ಎಂದರ್ಥ. ಮೂರು ಸಲ ಬಡಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಫೋನಿಗೆ ಬಾ ಎಂದು. ನಾನು ಕಬ್ಬಿಣಕ್ಕೆ ಕಿವಿ ಹಚ್ಚಿ ನಗುವುದನ್ನು ನೋಡಿ, ಪಂಪ್‌ಹೌಸಿನಲ್ಲಿ ನನ್ನ ಜೊತೆಗಿದ್ದ ನಾಗವೇಣಿ, "ಶಿವಕುಮಾರಿ, ಆ ಪೈಪಿಗೇ ತಾಳಿ ಕಟ್ಟಿಸ್ಕೋ" ಎನ್ನುತ್ತಿದ್ದಳು.

ನಿನ್ನೆ ಅವಳೇ ಸುದ್ದಿ ತಂದಳು. ಸಮುದ್ರದ ತಳದ ಅದಿರುಗಲ್ಲನ್ನು ಪೈಪಿನಲ್ಲಿ ಮೇಲೆಳೆಯುವ ಹಡಗಿನ ಕೆಲಸಕ್ಕೆ ಪವನ ಹೊರಟಿದ್ದಾನಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಉಸುಕು ಬಿಟ್ಟಾದ ಮೇಲೆ ಹದಿನೈದು ನಿಮಿಷ ಬರೀ ನೀರು ಹರಿಸಿ ಪೈಪು ತೊಳೆಯಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಉಸುಕು ಕೂತು ಕಟ್ಟಿಕೊಳ್ಳುತ್ತದೆ. ನಾನು ಸಿಟ್ಟಿನಲ್ಲಿ ತೊಳೆಯದೆಯೇ ವಾಲ್ವ್ ಮುಚ್ಚಿ, ರಿಜಿಸ್ಟರಿನಲ್ಲಿ 'ತೊಳೆದಿದೆ' ಎಂದು ಗೀಚಿ, ಆ ಎರಡು ಬಡಿತಕ್ಕೂ ಕಾಯದೆ ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಪೈಪು ಮುಟ್ಟಿದರೆ ತುಂಬಿದ ಕೊಡದ ಹಾಗೆ ತಣ್ಣಗಿತ್ತು. ಖಾಲಿ ಪೈಪು ಹಾಗಿರುವುದಿಲ್ಲ.

"ಪವನ ಎಲ್ಲದಾನ?"

"ತಳದಾಗ, ಪೈಪು ತಿರುಗೋ ಕಡೆ ಸವೆದ ಬೆಂಡ್ ಬಿಚ್ಚಾಕತ್ಯಾನ," ಎಂದಳು ನಾಗವೇಣಿ. "ತೊಳದೀನಿ ಅಂತ ನೀನ ಬರದೀಯಲ್ಲ."

ಉಸುಕು ಕಟ್ಟಿದ ಆ ಬೆಂಡಿನ ತಲೆ ಮೇಲೆ ಆರುನೂರು ಅಡಿ ನೀರು ನಿಂತಿತ್ತು; ಬಿಚ್ಚಿದರೆ ಅಷ್ಟೂ ಅವನ ಮೇಲೆ ನುಗ್ಗುತ್ತದೆ. ಫೋನ್ ಮಾಡಿದೆ, ಎತ್ತಲಿಲ್ಲ. ಪಾನಾ ಹಿಡಿದು ಮೂರು ಬಡಿದೆ. ಮತ್ತೆ ಮೂರು. ಅಂಗೈ ಸುಲಿಯಿತು.

ಫೋನ್ ಬಂತು. "ಯಾಕ, ಇವತ್ತು ಮಾತಾಡ್ತೀಯೇನು?"

"ಎಷ್ಟು ಬೋಲ್ಟ್ ಬಿಚ್ಚೀದಿ?"

"ಎರಡು. ಇನ್ನೆರಡು ಅದಾವ. ಯಾಕೋ ನೀರು ಹನಿಯಾಕತ್ತದ."

"ಅಲ್ಲಿಗೆ ಹೋಗಬ್ಯಾಡ. ನಾ ತೊಳದಿಲ್ಲ, ಸುಳ್ಳು ಬರದೀನಿ. ನೀ ಹಡಗಿಗೆ ಹೊಂಟೀ ಅಂತ ಸಿಟ್ಟು ಬಂದಿತ್ತು. ನಿನ್ನ ಬಿಟ್ಟು ನನಗ ಇರಾಕ ಆಗಂಗಿಲ್ಲ, ಪವನ."

ಅವನು ಏನೋ ಹೇಳಲು ಹೋದ. ಹಿಂದಿನಿಂದ ಬುಸ್ಸೆಂಬ ಸದ್ದು ಎದ್ದಿತು, ಆಮೇಲೆ ಒಡೆದ ಸದ್ದು. ಫೋನ್ ಕಟ್ಟಾಯಿತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಕಿವಿ ಹಚ್ಚಿ ಕೂತೆ. ಪೈಪಿನೊಳಗೆ ನೀರು ಮೊರೆಯುತ್ತ ಇಳಿದುಹೋಯಿತು. ಆಮೇಲೆ ಏನೂ ಇಲ್ಲ. ನಾನು ರಿಜಿಸ್ಟರ್ ಎಳೆದು 'ತೊಳೆದಿಲ್ಲ' ಎಂದು ತಿದ್ದಿ ಸಹಿ ಹಾಕಿದೆ. ಆ ಹೊತ್ತಿನಲ್ಲಿ ನನಗೆ ಬೇರೇನೂ ತೋಚಲಿಲ್ಲ.

ಮಧ್ಯಾಹ್ನ ಗಣಿಯ ಆಳುಗಳನ್ನು ಏರಿಳಿಸುವ ತೊಟ್ಟಿಲು ಮೇಲೆ ಬಂತು, ಅದರಲ್ಲಿ ಪವನ. ಮೈತುಂಬ ಉಸುಕು, ತೋಳಿಗೆ ಪಟ್ಟಿ. ಫೋನಿಗೆಂದು ಗೋಡೆಯ ಮರೆಗೆ ಬಂದಿದ್ದಕ್ಕೆ ಉಳಿದಿದ್ದ.

"ಹಡಗಿಗೆ ಬರೇ ಫಾರಂ ತುಂಬಿದ್ದೆ," ಎಂದ. "ಹೋಗಬ್ಯಾಡ ಅಂತೀಯೇನೋ ಅಂತ ಕಾಯಾಕತ್ತಿದ್ದೆ."

ರಿಜಿಸ್ಟರ್ ತೋರಿಸಿದೆ. ಓದಿದ ಅವನ ಮುಖ ಬಿಗಿದುಕೊಂಡಿತು. "ನಿನ್ನ ನೌಕರಿ ಹೋಗ್ತದ, ಶಿವಿ."

"ಹೋಗಲಿ. ನೀ ಬಂದೀಯಲ್ಲ."

ಅವನು ಸುಲಿದ ನನ್ನ ಅಂಗೈ ತೆಗೆದುಕೊಂಡು, ಬೆರಳಿನಿಂದ ಮೆಲ್ಲಗೆ ಎರಡು ಸಲ ಬಡಿದ.